ಗುಂಡಿಯ ಹಿಂದೆ ಎಷ್ಟು ಕೆಲಸ?

1991ರಲ್ಲಿ ಮೈಕ್ರೋಸಾಫ್ಟ್ ಹೊರತಂದ ವಿಷುಯಲ್ ಬೇಸಿಕ್, ಕಿಟಕಿ-ಗುಂಡಿಗಳುಳ್ಳ ತಂತ್ರಾಂಶದ ರಚನೆಯನ್ನು ಬಹಳ ಸುಲಭಗೊಳಿಸಿತು. ಫಾರ್ಮ್ ಮೇಲೆ ಗುಂಡಿಯೊಂದನ್ನಿರಿಸಿ ಎರಡು ಬಾರಿ ಕ್ಲಿಕ್ಕಿಸಿದರೆ 'ಕಮಾಂಡ್1_ಕ್ಲಿಕ್' ಎಂಬ ಖಾಲಿ ಉಪಕ್ರಮವಿಧಿ ತೆರೆದುಕೊಳ್ಳುತ್ತಿತ್ತು. ಗುಂಡಿ ಒತ್ತಿದಾಗ ಆಗಬೇಕಾದುದನ್ನು ಅಲ್ಲಿ ಬರೆದರಾಯಿತು. ಇದೇ ಇವೆಂಟ್ ಹ್ಯಾಂಡ್ಲರ್, ಅಂದರೆ ಘಟನಾ ನಿರ್ವಾಹಕ. ಸೌಲಭ್ಯವೇನೋ ಮೆಚ್ಚತಕ್ಕದ್ದೇ. ಆದರೆ ಅದು ಬೆಳೆಸಿದ ಅಭ್ಯಾಸವನ್ನು ಮೆಚ್ಚುವಂತಿಲ್ಲ.

ಅಂಕಪಟ್ಟಿ ತಯಾರಿಸುವ ಕ್ರಮವಿಧಿಯೊಂದನ್ನು ಊಹಿಸಿಕೊಳ್ಳಿ. 'ಉಳಿಸು' ಗುಂಡಿಯ ನಿರ್ವಾಹಕವೇ ಅಂಕವನ್ನು ಓದುತ್ತದೆ, ಪರಿಶೀಲಿಸುತ್ತದೆ, ದತ್ತಸಂಚಯಕ್ಕೆ ಸೇರಿಸುತ್ತದೆ. ಇನ್ನೊಂದು ಫಾರ್ಮಿನಲ್ಲಿರುವ ಸರಾಸರಿಯನ್ನೂ ನೇರವಾಗಿ ತಿದ್ದುತ್ತದೆ. ಮುಂದೆ ಮೆನುವಿನಿಂದಲೂ ಉಳಿಸಬೇಕೆಂದರೆ? ಅವೇ ಸಾಲುಗಳ ನಕಲು. ಗರಿಷ್ಠ ಅಂಕ ಬದಲಾದಾಗ ಎರಡೂ ಕಡೆ ತಿದ್ದಬೇಕು. ಒಂದನ್ನು ಮರೆತರೆ ತಪ್ಪು ಅಂಕ ಸದ್ದಿಲ್ಲದೆ ದಾಖಲಾಗುತ್ತದೆ. ಇನ್ನೊಂದು ದೋಷವೂ ಇತ್ತು. 1998ರ ಆರನೆಯ ಆವೃತ್ತಿಯಲ್ಲಿಯೂ ಗುಂಡಿಗೂ ನಿರ್ವಾಹಕಕ್ಕೂ ಇದ್ದ ನಂಟು ಹೆಸರೊಂದೇ. ಗುಂಡಿಯ ಹೆಸರನ್ನು ಬದಲಿಸಿದರೆ ಹಳೆಯ ನಿರ್ವಾಹಕ ಅನಾಥವಾಗುತ್ತಿತ್ತು.

ಪರಿಹಾರ ಇದಕ್ಕಿಂತ ಹಳೆಯದು. 1979ರಲ್ಲಿ ನಾರ್ವೆಯ ಟ್ರಿಗ್ವೆ ರೀನ್‌ಸ್ಕೌಗ್ ಅವರು ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ 'ಮಾಡೆಲ್-ವ್ಯೂ-ಕಂಟ್ರೋಲರ್' ವಿನ್ಯಾಸವನ್ನು ರೂಪಿಸಿದರು. ಇಲ್ಲಿ ಲೆಕ್ಕದ ಭಾಗಕ್ಕೆ ಪರದೆಯ ಪರಿಚಯವೇ ಬೇಕಿಲ್ಲ. 'ನಾನು ಬದಲಾಗಿದ್ದೇನೆ' ಎಂದು ಅದು ಸಾರಿದರೆ ಸಾಕು. ಕೇಳಬೇಕಾದ ಕಿಟಕಿಗಳು ಕೇಳಿಸಿಕೊಂಡು ತಮ್ಮನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಕ್ಯೂಟಿಯ 'ಸಿಗ್ನಲ್-ಸ್ಲಾಟ್' ಜೋಡಣೆಯ ಹಿಂದಿರುವುದೂ ಇಂಥದೇ ವಿಚಾರ.

ಹಾಗೆಂದು ಎಲ್ಲ ಘಟನೆಗಳನ್ನೂ ಒಂದೇ ಸಾರ್ವಜನಿಕ ಮಾರ್ಗಕ್ಕೆ ಎಸೆಯುವುದೂ ಸರಿಯಲ್ಲ. ಆಗ ಯಾರು ಸಾರಿದರು, ಯಾರು ಯಾವ ಕ್ರಮದಲ್ಲಿ ಕೇಳಿದರು ಎಂಬುದನ್ನು ಕಡತ ಓದಿ ತಿಳಿಯಲಾಗದು. ಡಾಟ್‌ನೆಟ್‌ನಲ್ಲಿ ಇನ್ನೊಂದು ಅಪಾಯವಿದೆ. ದೀರ್ಘಕಾಲ ಬದುಕುವ ವಸ್ತುವಿನ ಘಟನೆಗೆ ಜೋಡಿಸಿದ ಕಿಟಕಿಯನ್ನು ಮುಚ್ಚುವಾಗ ಆ ಜೋಡಣೆಯನ್ನು ಕಳಚದಿದ್ದರೆ, ಕಿಟಕಿ ಸ್ಮೃತಿಯಲ್ಲಿ ಉಳಿದುಬಿಡುತ್ತದೆ.

ಆದ್ದರಿಂದ ಮಧ್ಯಮಮಾರ್ಗವೇ ಲೇಸು. ನಿರ್ವಾಹಕ ಎರಡು-ಮೂರು ಸಾಲಿನದಾಗಿರಲಿ: ಓದಲಿ, ಲೆಕ್ಕದ ಮಾಡ್ಯೂಲನ್ನು ಕರೆಯಲಿ, ಅಷ್ಟೇ. ಮಾಡ್ಯೂಲುಗಳು ಪರಸ್ಪರ ಆಮದು ಮಾಡಿಕೊಳ್ಳದಿರಲಿ. ಜೋಡಣೆಗಳೆಲ್ಲ ಮುಖ್ಯ ಮಾಡ್ಯೂಲಿನ ಒಂದೇ ಕಡೆ ಕಾಣಸಿಗಲಿ.

ಅಧ್ಯಾಪಕರೇ, ಪರದೆಯ ಮೇಲೆ ಸರಿಯುತ್ತರ ಬಂದೊಡನೆ ಅಂಕ ಕೊಟ್ಟುಬಿಡಬೇಡಿ. 'ಕಿಟಕಿಯನ್ನು ತೆರೆಯದೆ ಈ ಸರಾಸರಿಯನ್ನು ಪರೀಕ್ಷಿಸಿ ತೋರಿಸು' ಎಂದು ಕೇಳಿ ನೋಡಿ. ವಿದ್ಯಾರ್ಥಿಗೆ ಅದು ಸಾಧ್ಯವಾಗದಿದ್ದರೆ, ಲೆಕ್ಕ ಇನ್ನೂ ಗುಂಡಿಯೊಳಗೇ ಸಿಕ್ಕಿಕೊಂಡಿದೆ ಎಂದೇ ಅರ್ಥ.