ಪೆಟ್ಟಿಗೆಯ ಮೇಲೆ ಬರೆಯದ ಮಾತು

ಮನೆಯ ಸ್ಟೋರೇಜ್ ಸರ್ವರ್ ನಿಧಾನವಾಯಿತೆಂದರೆ ಮೊದಲು ಬೈಸಿಕೊಳ್ಳುವುದು ವೈಫೈ. ಆಮೇಲೆ ರೂಟರ್, ಸಾಫ್ಟ್‌ವೇರ್. ಕೊನೆಗೆ ‘ಡಿಸ್ಕೇ ಹೋಗಿರಬೇಕು’ ಎಂದು ಹೊಸದನ್ನು ತಂದು ಹಾಕುವುದು. ಈ ಅಂದಾಜಿನ ರಿಪೇರಿ ನನಗೆ ಒಪ್ಪಿಗೆಯಿಲ್ಲ. ವೇಗದ ಅಂಕಿಯನ್ನು ಸುಮ್ಮನೆ ನೋಡಿದರೂ ತೊಂದರೆ ಎಲ್ಲಿದೆಯೆಂದು ಬಹುಮಟ್ಟಿಗೆ ಗೊತ್ತಾಗುತ್ತದೆ. ದೊಡ್ಡ ಫೈಲೊಂದು ಸೆಕೆಂಡಿಗೆ 110 ಎಂಬಿ ಆಸುಪಾಸಿನಲ್ಲಿ ಹೋಗುತ್ತಿದ್ದರೆ ಡಿಸ್ಕಿಗೆ ಏನೂ ಆಗಿಲ್ಲ. ಗಿಗಾಬಿಟ್ ನೆಟ್‌ವರ್ಕಿನ ಮಿತಿಯೇ ಅಷ್ಟು. 11ಕ್ಕೆ ಅಂಟಿಕೊಂಡಿದ್ದರೆ ಕೇಬಲ್ ನೋಡಿ: ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, ಒಂದು ಕೈಕೊಟ್ಟರೂ ಸಂಪರ್ಕ 100 ಮೆಗಾಬಿಟ್‌ಗೆ ಇಳಿದುಬಿಡಬಹುದು. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ 199ನೇ ಸಂಖ್ಯೆಯ ಲೆಕ್ಕ ಏರುತ್ತಿದ್ದರೆ ಸಾಟಾ ಕೇಬಲ್ ಬದಲಿಸಿ. 5 ಅಥವಾ 197 ಏರುತ್ತಿದ್ದರೆ ಮೊದಲು ಬ್ಯಾಕಪ್, ಮಿಕ್ಕ ಮಾತು ಆಮೇಲೆ.

ಇದೆಲ್ಲ ಸರಿಯಿದ್ದೂ ಕೆಲವು ಡಿಸ್ಕುಗಳು ಆರಂಭದಲ್ಲಿ ಚೆನ್ನಾಗಿ ಬರೆದು, ಒಂದಿಷ್ಟು ಜಿಬಿ ದಾಟಿದ ಮೇಲೆ ದಿಢೀರನೆ ಕುಸಿಯುತ್ತವೆ. ಯಾವ ವರದಿಯಲ್ಲೂ ದೋಷ ಕಾಣುವುದಿಲ್ಲ, ಏಕೆಂದರೆ ದೋಷವೇ ಇಲ್ಲ. ಇವು ಎಸ್‌ಎಂಆರ್ ಡಿಸ್ಕುಗಳು. ಜಾಗ ಉಳಿಸಲೆಂದು ಇವುಗಳ ಟ್ರ್ಯಾಕುಗಳನ್ನು ಮಂಗಳೂರು ಹಂಚಿನ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಹೊದಿಸಿರುತ್ತಾರೆ. ನಡುವಿನದೊಂದನ್ನು ತಿದ್ದಬೇಕಾದರೆ ಅದರ ಮೇಲೆ ಕೂತವನ್ನೂ ಮತ್ತೆ ಬರೆಯಬೇಕು. ಹೊಸ ಡೇಟಾ ಮೊದಲು ಒಂದು ಸಣ್ಣ ಕ್ಯಾಶ್ ಭಾಗಕ್ಕೆ ಹೋಗುವುದರಿಂದ ಸ್ವಲ್ಪ ಹೊತ್ತು ಏನೂ ತಿಳಿಯುವುದಿಲ್ಲ. ಅದು ತುಂಬಿತೋ, ಡಿಸ್ಕು ಏದುಸಿರು ಬಿಡತೊಡಗುತ್ತದೆ.

ತಂತ್ರಜ್ಞಾನದ ಬಗ್ಗೆ ನನ್ನ ತಕರಾರಿಲ್ಲ. ಒಮ್ಮೆ ಬರೆದು ಎತ್ತಿಡುವ ಬ್ಯಾಕಪ್‌ಗೆ ಎಸ್‌ಎಂಆರ್ ಸಾಕು. ತಕರಾರಿರುವುದು ಅದನ್ನು ಮಾರಿದ ರೀತಿಯ ಬಗ್ಗೆ. ಎನ್‌ಎಎಸ್‌ಗೆಂದೇ, ಅಂದರೆ ಇಂಥ ಸ್ಟೋರೇಜ್ ಸರ್ವರ್‌ಗಳಿಗೆಂದೇ, ಮಾರುತ್ತಿದ್ದ ವೆಸ್ಟರ್ನ್ ಡಿಜಿಟಲ್ ‘ರೆಡ್’ ಸಾಲಿನ 2ರಿಂದ 6 ಟಿಬಿವರೆಗಿನ ಹೊಸ ಮಾದರಿಗಳಲ್ಲಿ ಕಂಪನಿ ಇದನ್ನು ಸದ್ದಿಲ್ಲದೆ ಸೇರಿಸಿದ್ದು 2020ರ ಏಪ್ರಿಲ್‌ನಲ್ಲಿ ಬಯಲಾಯಿತು. ಹೆಸರು ಅದೇ, ಮಾದರಿ ಸಂಖ್ಯೆಯ ಬಾಲದಲ್ಲಿ ಮಾತ್ರ ಇಎಫ್‌ಆರ್‌ಎಕ್ಸ್ ಹೋಗಿ ಇಎಫ್‌ಎಎಕ್ಸ್ ಬಂದಿತ್ತು. ಮನೆಬಳಕೆಯಲ್ಲಿ ಡಿಸ್ಕಿಗೆ ಸಾಕಷ್ಟು ಬಿಡುವು ಸಿಗುತ್ತದೆ ಎಂಬುದು ಕಂಪನಿಯ ಸಮಜಾಯಿಷಿ. ದಿನನಿತ್ಯದ ಮಟ್ಟಿಗೆ ನಿಜವಿರಬಹುದು. ಆದರೆ ಹಲವು ಡಿಸ್ಕುಗಳನ್ನು ಒಟ್ಟುಗೂಡಿಸಿದ ರೇಡ್‌ನಲ್ಲಿ ಒಂದು ಡಿಸ್ಕು ಸತ್ತು, ಅದರ ಜಾಗದಲ್ಲಿ ಹೊಸದನ್ನು ಕಟ್ಟಿ ನಿಲ್ಲಿಸುವಾಗ ಬಿಡುವೆಲ್ಲಿ? ಸರ್ವ್‌ದಹೋಮ್ ಜಾಲತಾಣ ಝಡ್‌ಎಫ್‌ಎಸ್ ಫೈಲ್ ವ್ಯವಸ್ಥೆಯಲ್ಲಿ ಪರೀಕ್ಷಿಸಿದಾಗ, ಟ್ರ್ಯಾಕುಗಳನ್ನು ಹೀಗೆ ಹೊದಿಸದ ಹಳೆಯ ವಿಧಾನದ (ಸಿಎಂಆರ್) ಡಿಸ್ಕುಗಳು ಒಂದು ದಿನದೊಳಗೆ ಮುಗಿಸಿದ ಈ ಕೆಲಸಕ್ಕೆ 4 ಟಿಬಿಯ ಎಸ್‌ಎಂಆರ್ ರೆಡ್ 9 ದಿನಕ್ಕೂ ಹೆಚ್ಚು ತೆಗೆದುಕೊಂಡಿತು. ಆ ಅವಧಿಯಲ್ಲಿ ಇನ್ನೊಂದು ಡಿಸ್ಕು ಕೈಕೊಟ್ಟರೆ ಮನೆಮಂದಿಯ ಫೋಟೋಗಳಷ್ಟೂ ಹೋದವೆಂದೇ ಲೆಕ್ಕ.

ಗಲಾಟೆಯಾದ ಮೇಲೆ ಕಂಪನಿ ಯಾವ ಡಿಸ್ಕು ಎಸ್‌ಎಂಆರ್ ಎಂಬ ಪಟ್ಟಿ ಪ್ರಕಟಿಸಿತು, ಹಳೆಯ ವಿಧಾನದವುಗಳಿಗೆ ‘ರೆಡ್ ಪ್ಲಸ್’ ಎಂದು ಹೆಸರಿಟ್ಟಿತು. ಮೊದಲೇ ಮಾಡಬೇಕಾಗಿದ್ದನ್ನು ಸಿಕ್ಕಿಬಿದ್ದ ಮೇಲೆ ಮಾಡಿದ್ದನ್ನು ಪಾರದರ್ಶಕತೆ ಎನ್ನಲಾಗದು. ಅಂಗಡಿಯಲ್ಲಿ ಟಿಬಿ, ಬೆಲೆ ಕೇಳುವ ಮುನ್ನ ಮಾದರಿ ಸಂಖ್ಯೆ ಬರೆದುಕೊಂಡು ತಯಾರಕರ ವಿವರಪಟ್ಟಿ ನೋಡಿ. ಸಿಎಂಆರ್ ಎಂದು ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ರೇಡ್‌ಗೆ ಅದನ್ನು ಕೊಳ್ಳಬೇಡಿ.