ಕಪ್ಪು ಮೈಬಣ್ಣ ನೆರಳಲ್ಲ

ಡೆಂಕಣಿಕೋಟೆ, ಹೊಸೂರು ಕಡೆಯ ಮನೆಗಳ ನಡುಮನೆಯಲ್ಲಿ ಹಿರಿಯರ ಕಪ್ಪುಬಿಳುಪು ಭಾವಚಿತ್ರಗಳಿರುತ್ತವೆ. ಕೆಲವು ಫೋಟೊಗಳು, ಇನ್ನು ಕೆಲವು ಫೋಟೊ ಮೇಲೆ ಚೌಕ ಎಳೆದು, ಇದ್ದಿಲಲ್ಲೋ ಪೇಸ್ಟಲ್‌ನಲ್ಲೋ ದೊಡ್ಡದಾಗಿ ಬರೆದವು. ಮೂಗು, ಮೀಸೆ, ರುಮಾಲು ಎಲ್ಲ ಸರಿಯಾಗಿರುತ್ತವೆ. ಆದರೆ ಹೊಲದ ಬಿಸಿಲಲ್ಲಿ ಆಯುಷ್ಯ ಕಳೆದವರ ಮುಖ ಹಾಲಲ್ಲಿ ತೊಳೆದ ಹಾಗಿರುತ್ತದೆ. ಇದು ಯಾರೋ ಒಬ್ಬ ಕಲಾವಿದನ ಕೈತಪ್ಪಲ್ಲ. ಏಕವರ್ಣ ಭಾವಚಿತ್ರ ನಮ್ಮಲ್ಲಿಗೆ ಬಂದ ದಾರಿಯಲ್ಲೇ ಈ ಕೊರತೆಯ ಬೇರಿದೆ.

ಪೇಸ್ಟಲ್ ಎಂದರೆ ಬಣ್ಣದ ಪುಡಿಗೆ ಅಲ್ಪ ಅಂಟು ಬೆರೆಸಿ ಮಾಡಿದ ಕಡ್ಡಿ. 18ನೇ ಶತಮಾನದ ಯುರೋಪಿನಲ್ಲಿ ವೆನಿಸ್‌ನ ರೊಸಾಲ್ಬಾ ಕರಿಯೇರಾ, ಫ್ರಾನ್ಸಿನ ಮೋರಿಸ್ ಕ್ವೆಂಟಿನ್ ದ ಲಾ ತೂರ್ ಅದನ್ನು ಭಾವಚಿತ್ರದ ಮುಖ್ಯ ಮಾಧ್ಯಮವಾಗಿಸಿದರು. ಪೌಡರು ಬಳಿದ ಆಸ್ಥಾನದ ಮುಖಗಳಿಗೆ ಅದು ಚೆನ್ನಾಗಿ ಒಪ್ಪಿತು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರು ಇಟಲಿಯ ಗಿಲಾರ್ಡಿ ಅವರಿಂದ ಪೇಸ್ಟಲ್ ಕಲಿತು ರವೀಂದ್ರನಾಥರ ಮುಖವನ್ನೂ ಬರೆದರು. ಆಮೇಲೆ ಅವರ ಒಲವು ಮೊಘಲ್ ಚಿಕಣಿ ಚಿತ್ರ, ಜಪಾನಿ ಜಲವರ್ಣಗಳತ್ತ ಹೊರಳಿತು. ಅವರ ಶಿಷ್ಯರಾದ ನಮ್ಮ ಕೆ. ವೆಂಕಟಪ್ಪನವರೂ ಜಲವರ್ಣದಲ್ಲೇ ನೆಲೆ ಕಂಡರು.

ನಮ್ಮ ಊರುಗಳಿಗೆ ಭಾವಚಿತ್ರದ ಶಿಸ್ತನ್ನು ತಂದದ್ದು ಕಲಾಶಾಲೆಗಳು. ಬೆಂಗಳೂರಲ್ಲಿ ಎ.ಎನ್. ಸುಬ್ಬರಾಯರ ಕಲಾಮಂದಿರ 1919ರಲ್ಲಿ ಶುರುವಾಯಿತು. ಮುಂಬೈಯ ಜೆ.ಜೆ. ಶಾಲೆಯಲ್ಲಿ ಕಲಿತ ಡಿ.ವಿ. ಹಾಲಭಾವಿಯವರು 1935ರಲ್ಲಿ ಧಾರವಾಡದಲ್ಲಿ ಶಾಲೆ ತೆರೆದರು. ಗದಗದಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾಮಂದಿರ ಬೆಳೆಯಿತು. ರೈತರ ಮಕ್ಕಳಿಗೆ, ನೇಕಾರರ ಮಕ್ಕಳಿಗೆ ರೇಖೆಯ ಶಿಸ್ತು ಸಿಕ್ಕಿದ್ದು ಇಂಥ ಕಡೆ. ಆ ಋಣ ದೊಡ್ಡದು.

ಆದರೆ ಬ್ರಿಟಿಷರ ಕಾಲದ ಕಲಾಶಾಲೆಗಳ ಪಾಠ ಗ್ರೀಕ್ ಶಿಲ್ಪಗಳ ಪ್ಲಾಸ್ಟರ್ ಅಚ್ಚುಗಳಿಂದ ಮೊದಲಾಗುತ್ತಿತ್ತು. ಬಿಳಿ ಅಚ್ಚು, ಬಿಳಿ ಕಾಗದ, ಕಪ್ಪು ಕಡ್ಡಿ: ಬೆಳಕು ಬಿದ್ದ ಕಡೆ ಕಾಗದ ಖಾಲಿ, ನೆರಳಿದ್ದ ಕಡೆ ಕಪ್ಪು. ಡ್ರಾಯಿಂಗ್ ಪರೀಕ್ಷೆಗೆ ಕೂರುವ ಹುಡುಗ ಗೋಳಕ್ಕೆ ಶೇಡ್ ಕೊಡುವಾಗ ಇಂದಿಗೂ ಇದನ್ನೇ ಮಾಡುತ್ತಾನೆ. ಗೋಳಕ್ಕೆ ಇದು ಸಾಕು, ನಮ್ಮವರ ಮುಖಕ್ಕೆ ಸಾಲದು. ಈ ಲೆಕ್ಕದಲ್ಲಿ ಕಪ್ಪು ಎಂದರೆ ನೆರಳು ಮಾತ್ರ. ಮೈಬಣ್ಣಕ್ಕೆ ಜಾಗವೇ ಇಲ್ಲ. ಫೋಟೊ ಸ್ಟುಡಿಯೊಗಳು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖ ತಿಳಿಯಾಗಿಸಿದವು. ಆ ಫೋಟೊ ನೋಡಿ ಬರೆದ ಚಿತ್ರದಲ್ಲಿ ಮುಖ ಇನ್ನಷ್ಟು ಬೆಳ್ಳಗಾಯಿತು.

ಪೇಸ್ಟಲ್‌ನಲ್ಲೇ ಇದಕ್ಕೆ ಪರಿಹಾರವಿದೆ. ಬಿಳಿ ಹಾಳೆ ಬಿಟ್ಟು ಮಣ್ಣುಬಣ್ಣದ, ತುಸು ತರಿಯಾದ ಕಾಗದ ತೆಗೆದುಕೊಳ್ಳಬೇಕು. ಆಗ ಕೆನ್ನೆಯ ಬಣ್ಣ ಮೊದಲೇ ಕಾಗದದಲ್ಲಿದೆ. ಕಪ್ಪು ಕಡ್ಡಿಯನ್ನು ಅಡ್ಡ ಮಲಗಿಸಿ ಕಣ್ಣಿನ ಗುಳಿ, ಮೂಗಿನ ಕೆಳಗು, ಗದ್ದದ ಅಡಿ ಎಳೆದರೆ ಮುಖಕ್ಕೆ ಎಲುಬು ಬರುತ್ತದೆ. ಬಿಳಿಯನ್ನು ಕೊನೆಗೆ, ಜಿಪುಣತನದಿಂದ, ಹಣೆಯ ಬೆವರು, ಕಣ್ಣಿನ ಹೊಳಪು, ನರೆತ ಗಡ್ಡಕ್ಕೆ ಮಾತ್ರ ಇಡಬೇಕು. ಕಪ್ಪು ಚರ್ಮದ ಮೇಲೆ ಬೆಳಕು ಚುರುಕಾಗಿ ಮಿಂಚುತ್ತದೆ. ಬೆರಳಲ್ಲಿ ತಿಕ್ಕಿ ಎಲ್ಲವನ್ನೂ ನುಣುಪು ಮಾಡಿದರೆ ಆ ಮಿಂಚೇ ಸಾಯುತ್ತದೆ. ನಮ್ಮಲ್ಲಿ ನುಣುಪನ್ನೇ ಕೌಶಲ ಎಂದು ಮೆಚ್ಚುವವರು ಹೆಚ್ಚು. ಚರ್ಮದ ಗುಣ ಅಳಿಸಿಹಾಕುವ ನುಣುಪನ್ನು ನಾನು ಕೌಶಲವೆಂದು ಒಪ್ಪಲಾರೆ.

ಕಪ್ಪಿನಿಂದ ಬೆಳಕಿನತ್ತ ಹೋಗುವ ಈ ಕ್ರಮ ಈ ಸೀಮೆಗೆ ಹೊಸತಲ್ಲ. ಕೃಷ್ಣಗಿರಿ ಜಿಲ್ಲೆಯ ಮಲ್ಲಪಾಡಿಯ ಬಂಡೆಯ ಮೇಲೆ ಪ್ರಾಚೀನರು ಕುದುರೆ ಸವಾರರನ್ನು ಬರೆದದ್ದು ಬರೀ ಬಿಳಿಯಲ್ಲಿ. ಹಿನ್ನೆಲೆಯ ಬಣ್ಣ ಕಲ್ಲಿನದೇ. ಅಲ್ಲಿ ವ್ಯಕ್ತಿಯ ಹೋಲಿಕೆ ಇಲ್ಲ, ಅದನ್ನು ಕಲಿಸಿದ್ದು ಕಲಾಶಾಲೆ. ಆದರೆ ನೆಲದ ಬಣ್ಣವನ್ನೇ ಚಿತ್ರದ ಬಣ್ಣವಾಗಿ ಒಪ್ಪಿಕೊಂಡ ತಿಳಿವಳಿಕೆ ಅಲ್ಲಿದೆ. ಎರಡೂ ಸೇರಬೇಕಿತ್ತು.

ಗಿರಾಕಿಗೆ ಬೆಳ್ಳಗಿನ ಚಿತ್ರವೇ ಬೇಕು, ಕಲಾವಿದ ಹೊಟ್ಟೆಪಾಡಿಗೆ ಅದನ್ನೇ ಕೊಡುತ್ತಾನೆ ಎಂಬ ಮಾತಿದೆ. ಹೊಟ್ಟೆಪಾಡನ್ನು ಹಳಿಯುವ ಹಕ್ಕು ವಿಮರ್ಶಕನಿಗಿಲ್ಲ. ಆದರೆ ಕಲಾಶಾಲೆಗೆ ಗಿರಾಕಿಯ ಹಂಗಿಲ್ಲ. ಅದು ಮೊದಲ ವರ್ಷದ ವಿದ್ಯಾರ್ಥಿಯ ಮುಂದೆ ಪ್ಲಾಸ್ಟರ್ ತಲೆಯ ಬದಲು ಊರಿನ ಒಬ್ಬ ಮುದುಕಿಯನ್ನು ಕೂರಿಸಲಿ, ಕೈಗೆ ಕಂದು ಕಾಗದ ಕೊಡಲಿ. ಮನೆಯವರು ತಮ್ಮ ಅಜ್ಜಿಯನ್ನು ಮೈಬಣ್ಣದ ಸಮೇತ ಗುರುತಿಸುವಂತಾದ ದಿನ ಈ ಪರಂಪರೆ ನಮ್ಮದಾಗುತ್ತದೆ.