ಪಠ್ಯದಲ್ಲಿ ಹೆಸರಿಲ್ಲದ ಜೌಗು

ಚೆನ್ನೈನ ವೇಳಚೇರಿ ಬಿಟ್ಟು ಬಸ್ಸು ತಾಂಬರಂ ಕಡೆಗೆ ಹೊರಟ ಸ್ವಲ್ಪ ಹೊತ್ತಿಗೆ ಪಳ್ಳಿಕರಣೈ ಜೌಗು ಕಣ್ಣಿಗೆ ಬೀಳುತ್ತದೆ. ಜೊಂಡು, ನಿಂತ ನೀರು, ಕಾಲ ಬಂದಾಗ ರಾಜಹಂಸಗಳ ಹಿಂಡು. ಅದರ ಇನ್ನೊಂದು ಮಗ್ಗುಲಲ್ಲಿ ದಶಕಗಳ ಕಾಲ ನಗರದ ಕಸ ಸುರಿದ ಪೆರುಂಗುಡಿ. ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ, ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಎರಡೂ ಇರುವುದು ಪಳ್ಳಿಕರಣೈಯಲ್ಲಿಯೇ. ಪರಿಸರ ವಿಜ್ಞಾನದ ಮೊದಲ ಪಾಠ ಆಡಳಿತದ ಕೆಲಸಕ್ಕೆ ಎಷ್ಟು ಒದಗಿದೆ ಎಂದು ಅಳೆಯುವುದಕ್ಕೆ ಇದಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ.

ಆ ಮೊದಲ ಪಾಠ ಪದವಿ ಓದಿದವರಿಗೆಲ್ಲ ಗೊತ್ತು. ವಕೀಲ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ ಆರು ತಿಂಗಳ ಪಠ್ಯಕ್ರಮ ಬಂದದ್ದು ಹನ್ನೆರಡು ವರ್ಷ ಬಿಟ್ಟು. ಅದಕ್ಕೆ ಪಠ್ಯಪುಸ್ತಕ ಬರೆದವರು ಪುಣೆಯ ಎರಾಕ್ ಭರೂಚಾ. ವೃತ್ತಿಯಿಂದ ಶಸ್ತ್ರವೈದ್ಯರು, ಒಲವಿನಿಂದ ಕಾಡು ಸುತ್ತಿದವರು. ವಾಣಿಜ್ಯ ಓದುವ ಹುಡುಗಿಗೂ ಆಹಾರ ಸರಪಳಿ, ಜಲಾನಯನ, ಜೀವವೈವಿಧ್ಯ ತಿಳಿಯಲಿ ಎಂಬ ಆ ಯತ್ನ ದೊಡ್ಡದು.

ಆದರೆ ಆ ಪಠ್ಯಕ್ರಮದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಪಳ್ಳಿಕರಣೈಯಲ್ಲಿ ನಿಂತರೆ ಕೊರತೆ ಎದ್ದು ಕಾಣುತ್ತದೆ. ಜಲ ಪರಿಸರವ್ಯವಸ್ಥೆ ಎಂಬಲ್ಲಿ ಕೆರೆ, ತೊರೆ, ಸರೋವರ, ನದಿ, ಸಾಗರ, ಅಳಿವೆ ಇದ್ದವು; ಜೌಗಿನ ಹೆಸರಿರಲಿಲ್ಲ. ಸಾಮಾಜಿಕ ಸಮಸ್ಯೆಗಳ ಅಧ್ಯಾಯದಲ್ಲಿ ‘ಪಾಳು ಭೂಮಿಯ ಸುಧಾರಣೆ’ ಎಂಬುದಿತ್ತು. ಚೆನ್ನೈನ ದುರಂತ ಈ ಎರಡು ಸಾಲುಗಳ ನಡುವೆಯೇ ಇದೆ. ಕಂದಾಯ ದಾಖಲೆಗೆ ಜೌಗು ಎಂದರೆ ಪಾಳು. ಪಾಳು ಎಂದಮೇಲೆ ಅಲ್ಲಿ ಕಸ ಸುರಿಯಬಹುದು, ರಸ್ತೆ ಹಾಯಿಸಬಹುದು, ಐಟಿ ಕಟ್ಟಡ ಎಬ್ಬಿಸಬಹುದು. ನಮ್ಮ ಕರ್ನಾಟಕದ ಕಂದಾಯ ಇಲಾಖೆಯೂ ಸಾಗುವಳಿಗೆ ಬಾರದ ನೆಲವನ್ನು ‘ಖರಾಬು’ ಎಂದೇ ಬರೆದುಕೊಳ್ಳುತ್ತದೆ. ಕೆಟ್ಟದ್ದು ಎಂಬ ತೀರ್ಪು ಆ ಹೆಸರಲ್ಲೇ ಸೇರಿಕೊಂಡಿದೆ.

ಜೌಗು ಮಾಡುವ ಕೆಲಸ ಸರಳ. ಮಳೆಗಾಲದಲ್ಲಿ ಸುತ್ತಲ ಕೆರೆಗಳ ಕೋಡಿ ನೀರನ್ನು ಹಿಡಿದಿಡುತ್ತದೆ, ನೆಲಕ್ಕೆ ಇಂಗಿಸುತ್ತದೆ, ಉಳಿದದ್ದನ್ನು ನಿಧಾನಕ್ಕೆ ಒಕ್ಕಿಯಂ ಮಡುವು ಎಂಬ ಹಾದಿಯಲ್ಲಿ ಬಕಿಂಗ್‌ಹ್ಯಾಂ ಕಾಲುವೆಗೂ ಮುಂದೆ ಕೋವಳಂ ಅಳಿವೆಗೂ ಬಿಡುತ್ತದೆ. ಹಿಡಿಯುವ ಜಾಗ ಕುಗ್ಗಿದ ನಗರ 2015ರ ಡಿಸೆಂಬರ್‌ನಲ್ಲಿ ಮುಳುಗಿತು. ನಾಲ್ಕು ವರ್ಷ ತುಂಬುವ ಮೊದಲೇ ಅದರ ಜಲಾಶಯಗಳು ಬತ್ತಿದವು. 2019ರ ಜುಲೈ 12ರಂದು ಜೋಲಾರ್‌ಪೇಟೆಯಿಂದ ನೀರಿನ ರೈಲು ಬಂತು. ಬೆಂಗಳೂರಿನಿಂದ ಚೆನ್ನೈಗೆ ರೈಲಿನಲ್ಲಿ ಹೋಗುವವರೆಲ್ಲ ಹಾದುಹೋಗುವ ಆ ನಿಲ್ದಾಣದಿಂದ ಐವತ್ತು ವ್ಯಾಗನ್ನುಗಳಲ್ಲಿ ಹೊರಟದ್ದು ಕಾವೇರಿಯ ನೀರು. ನೆರೆ ಒಂದು ಪಾಠ, ಬರ ಇನ್ನೊಂದು ಪಾಠ ಎಂದು ಬೇರೆ ಬೇರೆ ಓದಿಸುವ ಪುಸ್ತಕ ಈ ನಗರಕ್ಕೆ ಸಾಲದು.

ಪಾಠ ಆಡಳಿತವಾದ ಉದಾಹರಣೆ ಇಲ್ಲದಿಲ್ಲ. 2003ರಲ್ಲಿ ತಮಿಳುನಾಡು ಮಳೆನೀರು ಕೊಯ್ಲನ್ನು ಎಲ್ಲ ಕಟ್ಟಡಗಳಿಗೂ ಕಡ್ಡಾಯ ಮಾಡಿತು. ಆದರೆ ಮನೆಯ ಮಾಳಿಗೆಗೆ ಒಡೆಯನಿದ್ದಾನೆ, ಜೌಗಿಗೆ ಯಾರು? 2007ರಲ್ಲಿ ಪಳ್ಳಿಕರಣೈಯ 317 ಹೆಕ್ಟೇರನ್ನು ಉಳಿಸಲು ಅದನ್ನು ‘ಮೀಸಲು ಅರಣ್ಯ’ ಎಂದು ಕರೆಯಬೇಕಾಯಿತು. ನೀರಿನ ನೆಲಕ್ಕೆ ಕಾಡಿನ ಹೆಸರು ಕೊಟ್ಟಮೇಲಷ್ಟೇ ರಕ್ಷಣೆ! ಜೌಗೆಂಬ ಗುರುತಿನಿಂದಲೇ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸರ್ ಪಟ್ಟಿ ಸೇರಿದ್ದು 2022ರಲ್ಲಿ.

ಹೆಸರಿನ ಈ ಅನ್ಯಾಯವನ್ನು ಜನರಿಗೆ ಮುಟ್ಟಿಸಿದ್ದು 2017ರ ಒಂದು ಹಾಡು. ಗಾಯಕ ಟಿ.ಎಂ. ಕೃಷ್ಣ ಹಾಡಿದ ‘ಚೆನ್ನೈ ಪೊರಂಬೋಕ್ಕು ಪಾಡಲ್’ ಎನ್ನೂರು ಅಳಿವೆಯ ಕಥೆ ಹೇಳುತ್ತ, ಎಲ್ಲರಿಗೂ ಸೇರಿದ ನೆಲ ಎಂಬರ್ಥದ ‘ಪೊರಂಬೋಕ್ಕು’ ಪದ ಬೈಗುಳವಾದದ್ದನ್ನು ಎತ್ತಿ ತೋರಿಸಿತು. ಪಠ್ಯ ತೋರಿಸಬೇಕಿದ್ದುದೂ ಅದನ್ನೇ.

ಆ ಪಠ್ಯಕ್ರಮದ ಐವತ್ತು ಪಾಠಗಳಲ್ಲಿ ಕ್ಷೇತ್ರ ಭೇಟಿಗೆ ಇದ್ದದ್ದು ಐದೇ ಗಂಟೆ. ಊರಿನ ಒಂದು ನೈಸರ್ಗಿಕ ಸಂಪತ್ತು ನೋಡಿ, ಒಂದು ಮಲಿನ ಜಾಗ ನೋಡಿ ಎಂದು ಅದು ಕೇಳುತ್ತಿತ್ತು. ಪಳ್ಳಿಕರಣೈಯಲ್ಲಿ ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಹಿಂಗಾರು ಶುರುವಾಗುವ ಮುನ್ನ ವಿದ್ಯಾರ್ಥಿಗಳನ್ನೂ ನಗರಪಾಲಿಕೆಯ ಎಂಜಿನಿಯರುಗಳನ್ನೂ ಒಟ್ಟಿಗೆ ಒಕ್ಕಿಯಂ ಮಡುವಿನ ಸೇತುವೆಗೆ ಕರೆದೊಯ್ಯಬೇಕು. ಇಷ್ಟೊಂದು ನೀರು ಇಷ್ಟು ಕಿರಿದಾದ ಬಾಯಲ್ಲಿ ಹೇಗೆ ಹೋದೀತು ಎಂಬ ಲೆಕ್ಕವನ್ನು ಅಲ್ಲೇ ನಿಂತು ಮಾಡಿಸಬೇಕು.